ಮೂರನೆಯ ಕ್ಯಾಸೆಟ್

೪ ಫೆಬ್ರವರಿ

ಮಾವನವರಿಗೆ ನಮಸ್ಕಾರಗಳು.

ನೀವು ಕಳಿಸಿದ ತೋಡಿ ರಾಗದ ಮೂರು ಕ್ಯಾಸೆಟ್ಟುಗಳೂ ಸುರಕ್ಷಿತವಾಗಿ ತಲುಪಿದವು. ದಾರ ಬಿಗಿದ ರೀತಿ ನೋಡಿ ಅಂಚೆಯವನೇ "ನಿಮ್ಮ ಮಾವಂದು ಬಂತು" ಎಂದು ಕೂಗುತ್ತಾನೆ. ಎಂದಿನಂತೆ ಯಾರು ಹಾಡಿದ್ದಾರೆಂದು ತಿಳಿಯದೆ, ಒಂದು, ಎರಡು, ಮೂರು ಎಂದು ನೀವು ಅಂಟಿಸಿದ ಚೀಟಿಯನ್ನಷ್ಟೇ ನೋಡಿ ಕೇಳಿದೆ. ಗೆದ್ದದ್ದು ಎರಡನೆಯದು. ಹಾಡಿದವರು ನಮ್ಮ ಕೆಮ್ಮಿನ ವಿದ್ವಾಂಸರೇ ಇರಬೇಕು. ಪಲ್ಲವಿ ಎತ್ತಿಕೊಳ್ಳುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಆ ಸದ್ದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿಸಿದರೂ ಗುರುತು ಹಿಡಿಯುತ್ತೇನೆ. ಮೊದಲನೆಯದರಲ್ಲಿ ಹಾಡು ಚೆನ್ನ, ಆದರೆ ಮೃದಂಗವನ್ನು ಪಕ್ಕದ ಮನೆಯಲ್ಲಿ ಕೂತು ಬಾರಿಸಿದಂತಿದೆ. ಮೂರನೆಯದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಚಪ್ಪಾಳೆ ಶುರುವಾದ ಕೂಡಲೇ ನಿಲ್ಲಿಸಿದೆ. ಹಾಡು ಮುಗಿದ ಮೇಲಿನ ಗದ್ದಲ ನನಗಾಗುವುದಿಲ್ಲವೆಂದು ನಿಮಗೆ ಗೊತ್ತೇ ಇದೆ.

ನಮ್ಮ ಪದ್ಧತಿಯಂತೆ ಗೆದ್ದದ್ದನ್ನು ನಾನಿಟ್ಟುಕೊಂಡು, ಸೋತ ಕ್ಯಾಸೆಟ್ಟಿನ ಹಾಡು ಅಳಿಸಿ ಅದರ ಮೇಲೆ ಗೆದ್ದದ್ದರ ಪ್ರತಿ ಮಾಡಿ ನಿಮಗೆ ಕಳಿಸುತ್ತಿದ್ದೇನೆ. ಉಳಿದ ಇನ್ನೊಂದನ್ನು ಯಾರಾದರೂ ಕಿವಿ ಇದ್ದವರಿಗೆ ಕೊಡುತ್ತೇನೆ. ಒಂದು ರಾಗಕ್ಕೆ ಒಂದೇ, ಹಾಡೂ ಚೆನ್ನಾಗಿರಬೇಕು, ಸೌಂಡೂ ಚೆನ್ನಾಗಿರಬೇಕು: ಈ ಹುಚ್ಚು ಹಿಡಿಸಿದವರು ನೀವು. ಈಗ ಕಪಾಟಿನಲ್ಲಿ ಸಾವೇರಿಯ ಜಾಗವೊಂದು ಖಾಲಿ ಉಳಿದಿದೆ.

ಮನೆಯ ಸುದ್ದಿ ಹೇಳುವಂಥದ್ದೇನೂ ಇಲ್ಲ. ಹಗಲು ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳನ್ನು ಪರೀಕ್ಷಿಸುತ್ತೇನೆ, ಬೈಸಿಕೊಳ್ಳುತ್ತೇನೆ, ಮನೆಗೆ ಬರುತ್ತೇನೆ. ಕೇಳುವ ಕೋಣೆಯ ಕಿಟಕಿಗೆ ಇನ್ನೊಂದು ಕಂಬಳಿ ಹೊದಿಸಿದೆ. ಬೀದಿಯ ಸದ್ದು ಪೂರ್ತಿ ನಿಂತಿದೆ.

ನಿಮ್ಮ ಮಗಳು ಮನೆ ಬಿಟ್ಟು ಹೋದ ಮೇಲೆ ಮಳೆಗಾಲ ಕಳೆಯಿತು, ಚಳಿಯೂ ಕಳೆಯುತ್ತಾ ಬಂತು. ನಾನು ಬರೆದ ಕಾಗದಗಳೆಲ್ಲ ಒಡೆಯದೇ ವಾಪಸು ಬರುತ್ತಿವೆ. ನಿಮ್ಮ ಹತ್ತಿರ ಮಾತಾಡುತ್ತಾಳೆಂದು ಗೊತ್ತು. ಒಂದೇ ಒಂದು ಸಲ ಎದುರು ಕೂತು ಮಾತಾಡಲು ಒಪ್ಪಿಸಿ ಮಾವ. ನಾನು ಹೊಡೆದವನಲ್ಲ, ಕುಡಿದವನಲ್ಲ, ದನಿ ಎತ್ತಿದವನೂ ಅಲ್ಲ. ಏನು ತಪ್ಪಾಯಿತೆಂದು ಯಾರಾದರೂ ಹೇಳಿದರೆ ತಿದ್ದಿಕೊಳ್ಳುತ್ತೇನೆ. ಅವಳು ವಾಪಸು ಬಂದರೆ ಸಾಕು, ಬೇರೇನೂ ಬೇಡ.

ಈಗಲೂ ಹೀಗೆ ಸಹಿ ಮಾಡಬಹುದು ಅಂದುಕೊಂಡು,
ನಿಮ್ಮ ಅಳಿಯ


೨೦ ಫೆಬ್ರವರಿ

ಅಪ್ಪಾ,

ನಾಲ್ಕು ಪುಟ ಅವರ ಪರವಾಗಿ ವಕೀಲಿ ಮಾಡಿದ್ದೀರಿ. ಜೀವಮಾನವೆಲ್ಲ ಅಚ್ಚುಕೂಟದಲ್ಲಿ ಕೂತು ಊರವರ ತಪ್ಪು ತಿದ್ದಿದ ನಿಮಗೆ ಅಳಿಯನಲ್ಲಿ ಒಂದು ಕೊಂಬು, ಒಂದು ಒತ್ತಕ್ಷರವೂ ತಪ್ಪಿದ್ದು ಕಾಣಲಿಲ್ಲವಲ್ಲ.

ಹೊಡೆದವರಲ್ಲ, ನಿಜ. ಅದನ್ನು ಎಷ್ಟು ಸಲ ಹೇಳುತ್ತೀರಿ? ಅವರು ಕೇಳಲು ಕೂತರೆ ಮನೆಯಲ್ಲಿ ಫ್ಯಾನ್ ತಿರುಗಬಾರದು. ನಾನು ಬಳೆ ತೆಗೆದಿಡಬೇಕು. ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಹಾಡಿನೊಳಗೆ ಸೇರುತ್ತದೆಂದು ಪ್ಲಗ್ ಕಿತ್ತಿಡುತ್ತಿದ್ದರು, ವಾಪಸು ಹಾಕಲು ಮರೆಯುತ್ತಿದ್ದರು. ಬೆಳಿಗ್ಗೆ ಹಾಲು ಒಡೆದರೆ "ಯಾಕೋ ಈ ಹಾಲಿನವನೇ ಸರಿಯಿಲ್ಲ" ಅನ್ನುತ್ತಿದ್ದರು. ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಪಾತ್ರೆ ತೊಳೆಯುತ್ತಾ ನಾನು ಏನಾದರೂ ಗುನುಗಿದರೆ ಬಾಗಿಲಿನಿಂದ ತಲೆ ಹಾಕಿ "ಒಂದ್ನಿಮಿಷ ಕಣೇ, ಒಂದೇ ನಿಮಿಷ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ಆ ಒಂದು ನಿಮಿಷ ಮುಗಿಯಲೇ ಇಲ್ಲ. ಕೊನೆಗೆ ಹಾಡುವುದನ್ನೇ ಬಿಟ್ಟೆ. ಬಿಟ್ಟು ಎಷ್ಟು ಕಾಲವಾಯಿತೆಂದು ಅವರನ್ನು ಕೇಳಿ ನೋಡಿ. ನಾನು ಮನೆ ಬಿಟ್ಟದ್ದು ಅವರಿಗೆ ಗೊತ್ತಾಗಿದೆ, ಹಾಡು ಬಿಟ್ಟದ್ದು ಇವತ್ತಿಗೂ ಗೊತ್ತಾಗಿಲ್ಲ.

ಅವರು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನೀವು ಹೇಳಿದಿರೆಂದು ನಾನು ಹಾಡಿದ್ದೆ. ಮುಗಿದ ಮೇಲೆ ಅವರು ಸುತ್ತ ಗೋಡೆ ನೋಡಿ "ಈ ಕೋಣೇಲಿ ದನಿ ಚೆನ್ನಾಗಿ ಕೂರುತ್ತೆ" ಅಂದರು. ನಿಮಗೆ ಖುಷಿಯೋ ಖುಷಿ. ನೀವಿಬ್ಬರೂ ಕೋಣೆಯ ಬಗ್ಗೆ ಮಾತಾಡುತ್ತಲೇ ಹೋದಿರಿ. ನಾನು ಒಳಗೆ ಹೋಗಿ ಅಮ್ಮನ ಫೋಟೋದ ಎದುರು ನಿಂತು ನಕ್ಕೆ. ಆಗಲೇ ಗೊತ್ತಾಗಬೇಕಿತ್ತು.

ಇದರ ಜೊತೆ ಒಂದು ಕ್ಯಾಸೆಟ್ ಇದೆ. ಸಾವೇರಿ. ಈ ಬಾಡಿಗೆ ಕೋಣೆಯಲ್ಲಿ ಕೂತು ನಾನೇ ಹಾಡಿದ್ದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇಡೀ ದಿನ "ಮುಂದಿನವರು ಬನ್ನಿ" ಎಂದು ಕೂಗಿ ಬಂದ ಗಂಟಲು, ಎಷ್ಟು ಬರಬಹುದೋ ಅಷ್ಟು ಬಂದಿದೆ. ಇದಕ್ಕೆ ಮೂರು ಎಂದು ಚೀಟಿ ಅಂಟಿಸಿ, ನಿಮ್ಮ ಇನ್ನೆರಡರ ಜೊತೆ ಅವರಿಗೆ ಕಳಿಸಿ. ನನ್ನ ದನಿ ಎಂದು ಗುರುತು ಹಿಡಿದರೆ ಅವರ ಎದುರು ಕೂತು ಮಾತಾಡುತ್ತೇನೆ. ಬರೀ ಮಾತೇನು, ವಾಪಸು ಹೋದರೂ ಹೋದೇನು. ಗುರುತು ಹಿಡಿಯದಿದ್ದರೆ ಇನ್ನು ಮುಂದೆ ಅವರ ಸುದ್ದಿ ನನ್ನ ಹತ್ತಿರ ಎತ್ತಬಾರದು. ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಸೋತರೆ ನನ್ನ ಮೇಲೆ ಇನ್ನೊಬ್ಬರು ಹಾಡುತ್ತಾರೆ. ಹಾಡಲಿ.

ನೀವು ಮಾತ್ರ ಇದನ್ನು ಕೇಳಕೂಡದು, ಪ್ರತಿ ಇಟ್ಟುಕೊಳ್ಳಕೂಡದು. ಕೇಳಿದರೆ ಸುಳಿವು ಕೊಡದೇ ಇರುವವರಲ್ಲ ನೀವು. ಅಮ್ಮನ ಮೇಲೆ ಆಣೆ.

ನಿಮ್ಮ ಮಗಳು


೩ ಮಾರ್ಚ್

ಅಳಿಯಂದಿರಿಗೆ ಆಶೀರ್ವಾದಗಳು.

ಖಾಲಿ ಜಾಗ ನೋಡಿಕೊಂಡು ಕೂರುವ ಕಷ್ಟ ನನಗೂ ಗೊತ್ತು. ಅದಕ್ಕೇ ಸಾವೇರಿಯ ಮೂರು ಕ್ಯಾಸೆಟ್ ಕಳಿಸುತ್ತಿದ್ದೇನೆ. ಆರೋಗ್ಯ ಚೆನ್ನಾಗಿದೆ. ಮಂಡಿ ನೋವು ತನ್ನ ಪಾಡಿಗೆ ತಾನಿದೆ, ನಾನು ನನ್ನ ಪಾಡಿಗಿದ್ದೇನೆ.

ಈ ಸಲ ಅವಸರ ಬೇಡ. ಊಟ ಮಾಡಿ, ಸ್ವಲ್ಪ ಅಡ್ಡಾಡಿ, ಆಮೇಲೆ ಕೂತು ಕೇಳಿ. ಸಾಧ್ಯವಾದರೆ ಕಿಟಕಿಯ ಕಂಬಳಿ ಒಂದು ದಿನ ತೆಗೆದಿಡಿ. ಸೌಂಡ್ ಸ್ವಲ್ಪ ಹಾಳಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಮೂರನೆಯದನ್ನು ಎರಡು ಸಲ ಕೇಳಿ. ಯಾಕೆಂದು ಕೇಳಬೇಡಿ, ಮುದುಕನ ಹಟವೆಂದುಕೊಳ್ಳಿ. ಎರಡು ಸಲ, ಪೂರ್ತಿ.

ಇನ್ನೊಂದು ವಿಷಯದಲ್ಲಿ ಪ್ರಯತ್ನ ನಡೆಸಿದ್ದೇನೆ. ಅವಳೂ ಕಲ್ಲಲ್ಲ. ಧೈರ್ಯವಾಗಿರಿ.

ಇಂತಿ ನಿಮ್ಮ ಮಾವ


೧೫ ಮಾರ್ಚ್

ಮಾವನವರಿಗೆ ನಮಸ್ಕಾರಗಳು.

ಸಾವೇರಿ ಸಿಕ್ಕಿತು. ಮೊದಲನೆಯದು. ಅದರ ಬಗ್ಗೆ ಎರಡು ಮಾತಿಲ್ಲ. ಪಿಟೀಲು ಹಾಡಿನ ನೆರಳಿನಂತೆ ಹಿಂದೆಯೇ ಬರುತ್ತದೆ, ಸಭಾಂಗಣ ದೊಡ್ಡದಾದರೂ ಒಂದಕ್ಷರ ಮಾಸಿಲ್ಲ. ಎರಡನೆಯದು ಪರವಾಗಿಲ್ಲ, ಯಾರಿಗಾದರೂ ಕೊಡಬಹುದು.

ಮೂರನೆಯದನ್ನು ನೀವು ಒತ್ತಾಯ ಮಾಡಿದ್ದಕ್ಕೆ ಒಂದೂವರೆ ಸಲ ಕೇಳಿದೆ. ನೀವು ಯಾಕೆ ಹಾಗೆ ಹೇಳಿದಿರೆಂದು ಗೊತ್ತಾಯಿತು. ರೆಕಾರ್ಡಿಂಗ್ ನಿಜಕ್ಕೂ ವಿಶೇಷವಾಗಿದೆ. ಚಿಕ್ಕ ಕೋಣೆ, ಹತ್ತು ಅಡಿಗೆ ಹತ್ತು ಅಡಿ ಇರಬಹುದು, ನೆಲಕ್ಕೆ ಕಲ್ಲು ಹಾಸಿದೆ, ಒಂದು ಗೋಡೆಗೆ ಬಟ್ಟೆ ತೂಗುಹಾಕಿದ್ದಾರೆ. ಶ್ರುತಿ ಪೆಟ್ಟಿಗೆ ಎಡಗಡೆಗಿದೆ. ಮೈಕ್ ಯಾವುದೆಂದು ಕೂಡ ಹೇಳಬಲ್ಲೆ. ಅಂಥದ್ದೇ ಒಂದು ನನ್ನ ಹತ್ತಿರ ಇತ್ತು, ಎಲ್ಲಿ ಹೋಯಿತೋ ಕಾಣುತ್ತಿಲ್ಲ. ಫ್ಯಾನ್ ಇಲ್ಲ, ವಿದ್ಯುತ್ತಿನ ಗುಂಯ್ ಸದ್ದು ಒಂಚೂರೂ ಇಲ್ಲ. ಬಾಡಿಗೆ ಕೋಣೆಯಂಥ ಜಾಗದಲ್ಲಿ ಇಷ್ಟು ಶುದ್ಧವಾಗಿ ಹಿಡಿಯಲು ತುಂಬ ಶ್ರದ್ಧೆ ಬೇಕು. ಅಂಕ ಕೊಡುವುದಾದರೆ ಹಾಡಿದವರಿಗಿಂತ ರೆಕಾರ್ಡ್ ಮಾಡಿದವರಿಗೆ ಕೊಡಬೇಕು.

ಹಾಡಿನ ಬಗ್ಗೆ ಕಟುವಾಗಿ ಬರೆಯಲು ಮನಸ್ಸಿಲ್ಲ. ಪಾಠ ಒಳ್ಳೆಯದೇ ಆಗಿದೆ, ಶ್ರುತಿ ಬಿಟ್ಟಿಲ್ಲ. ಆದರೆ ಆಕೆ ಬಹಳ ಕಾಲ ಬಾಯಿ ಮುಚ್ಚಿಕೊಂಡಿದ್ದು ಈಗಷ್ಟೇ ತೆರೆದಂತಿದೆ. ಮೇಲಿನ ಷಡ್ಜದ ಹತ್ತಿರ ಬಂದಾಗಲೆಲ್ಲ, ಪಕ್ಕದ ಕೋಣೆಯಲ್ಲಿ ಯಾರಿಗೋ ತೊಂದರೆಯಾದೀತೆಂದು ಹಿಂಜರಿಯುವವರ ಹಾಗೆ ದನಿ ತಗ್ಗಿಸುತ್ತಾಳೆ. ಅನುಮತಿ ಕೇಳಿಕೊಂಡು ಹಾಡಿದರೆ ಸಾವೇರಿ ಬರುವುದಿಲ್ಲ. ಯಾರಾದರೂ ಈಕೆಗೆ ಧೈರ್ಯ ಹೇಳಬೇಕಿತ್ತು.

ಪದ್ಧತಿಯಂತೆ ಅದರ ಮೇಲೆ ಮೊದಲನೆಯದರ ಪ್ರತಿ ಮಾಡಿದ್ದಾಗಿದೆ. ನಾಳೆಯಿಂದ ಒಂದು ತಿಂಗಳು ಗಿರಣಿಗಳ ತೂಕದ ಯಂತ್ರ ನೋಡಲು ಊರೂರು ತಿರುಗಬೇಕು. ಬಂದ ಮೇಲೆ ಕೊನೆಯವರೆಗೆ ಒಮ್ಮೆ ಕೇಳಿ, ಸರಿಯಿದೆಯೆಂದು ನೋಡಿ ಕಳಿಸುತ್ತೇನೆ. ಪರೀಕ್ಷಿಸದೆ ಕಳಿಸಿದರೆ ನೀವು ಬಿಡುವವರಲ್ಲ.

ಅವಳು ಏನಂದಳು? ಪ್ರಯತ್ನ ನಡೆದಿದೆ ಎಂದು ನೀವು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಅವಳಿಗಾಗಿ ಏನು ಬೇಕಾದರೂ ಮಾಡುತ್ತೇನೆಂದು ಹೇಳಿ.

ನಿಮ್ಮ ಅಳಿಯ


೨೪ ಮಾರ್ಚ್

ಪುಟ್ಟಿ,

ಆಶೀರ್ವಾದ. ಅಳಿಯಂದಿರು ಕೆಲಸದ ಮೇಲೆ ಊರೂರು ತಿರುಗುತ್ತಿದ್ದಾರೆ. ಕ್ಯಾಸೆಟ್ ಇನ್ನೂ ಕೇಳಿಲ್ಲವಂತೆ. ಬಂದ ಮೇಲೆ ನಿಧಾನವಾಗಿ ಕೇಳುತ್ತಾರೆ. ಇಂಥ ವಿಷಯಕ್ಕೆ ಗಡುವು ಹಾಕಬಾರದು. ಇಲ್ಲಿ ಬಿಸಿಲು ಜಾಸ್ತಿ. ನೀನು ನೀರು ಚೆನ್ನಾಗಿ ಕುಡಿ. ಗಂಟಲು ಜೋಪಾನ.

ಅಪ್ಪ


೧ ಏಪ್ರಿಲ್

ಅಪ್ಪಾ,

ನೀವು ಸುಳ್ಳು ಬರೆಯುವಾಗ ವಾಕ್ಯಗಳು ಚಿಕ್ಕವಾಗುತ್ತವೆ. ಅಮ್ಮನಿಗೆ ಕಾಯಿಲೆ ಏನೆಂದು ನನಗೆ ಬರೆದಾಗಲೂ ಹೀಗೇ ಬರೆದಿದ್ದಿರಿ, ಅದರಲ್ಲೂ ಕೊನೆಗೆ ಬಿಸಿಲಿನ ವಿಚಾರವಿತ್ತು.

ಅವರ ಕಾಗದ ಕಳಿಸಿ. ಪೂರ್ತಿ ಕಳಿಸಿ, ನೀವು ಸೋಸಿದ್ದು ಬೇಡ. ಏನಂದರೆಂದು ಅವರ ಮಾತಿನಲ್ಲೇ ಓದಬೇಕು. ಎಷ್ಟೇ ಕೆಟ್ಟದಾಗಿದ್ದರೂ ತಡೆದುಕೊಳ್ಳುತ್ತೇನೆ, ಈ ಕಾಯುವುದನ್ನು ತಡೆಯಲಾರೆ. ಕ್ಲಿನಿಕ್ಕಿನಲ್ಲಿ ಫೋನ್ ಬಂದಾಗಲೆಲ್ಲ ಓಡಿ ಹೋಗಿ ನಾನೇ ಎತ್ತುತ್ತೇನೆ. ಅವರಿಗೆ ಈ ನಂಬರೇ ಗೊತ್ತಿಲ್ಲ, ಆದರೂ ಓಡುತ್ತೇನೆ. ಇಷ್ಟು ಆಸೆ ಇಟ್ಟುಕೊಂಡಿದ್ದೇನೆಂದು ಕ್ಯಾಸೆಟ್ ಕಳಿಸುವಾಗ ನನಗೇ ಗೊತ್ತಿರಲಿಲ್ಲ.

ನಿಮ್ಮ ಮಗಳು


೧೬ ಏಪ್ರಿಲ್

ಅಪ್ಪಾ,

ಓದಿದೆ.

ಕೋಣೆಯ ಅಳತೆ ಸರಿಯಾಗಿದೆ. ಕಲ್ಲಿನ ನೆಲ ಸರಿ. ಗೋಡೆಗೆ ತೂಗುಹಾಕಿದ್ದು ನನ್ನ ಸೀರೆಗಳು, ಅದೂ ಸರಿ. ಶ್ರುತಿ ಪೆಟ್ಟಿಗೆ ಎಡಗಡೆಗೇ ಇತ್ತು. ಮೈಕ್ ಮದುವೆಯಾದ ಹೊಸತರಲ್ಲಿ ಅವರೇ ನನಗೆ ತಂದುಕೊಟ್ಟದ್ದು. "ನಿನ್ನ ಹಾಡನ್ನ ಒಂದಿನ ಕೂತ್ಕೊಂಡು ರೆಕಾರ್ಡ್ ಮಾಡೋಣ" ಅಂದಿದ್ದರು. ಆ ದಿನ ಬರಲಿಲ್ಲ. ಬರುವಾಗ ಅದೊಂದನ್ನು ನನ್ನದೆಂದು ತಂದೆ. ಅದು ಕಾಣೆಯಾದದ್ದು ಅವರಿಗೆ ಗೊತ್ತಾಗಿದೆ, ನನ್ನ ಜೊತೆ ಬಂದಿರಬಹುದೆಂದು ಹೊಳೆದಿಲ್ಲ.

ನಾನು ಹೆದರಿಕೊಂಡು ಹಾಡಿದ್ದು ಗೊತ್ತಾಗಿದೆ. ಬಹಳ ಕಾಲ ಬಾಯಿ ಮುಚ್ಚಿಕೊಂಡಿದ್ದು ಗೊತ್ತಾಗಿದೆ. ಪಕ್ಕದ ಕೋಣೆಯಲ್ಲಿ ಯಾರೋ ಇರುವುದು ಕೂಡ ಕೇಳಿಸಿದೆ. ಇಷ್ಟೆಲ್ಲ ಕೇಳಿಸಿಕೊಂಡಿದ್ದಾರೆ ಅಪ್ಪಾ. ಕೆಟ್ಟ ಕಿವಿಯವರಾಗಿದ್ದರೆ ಕ್ಷಮಿಸಬಹುದಿತ್ತು. ಈ ಕಾಗದ ಬರೆದವರ ಜೊತೆ ಎದುರು ಕೂತು ನಾನು ಏನು ಮಾತಾಡಲಿ?

ಒಪ್ಪಂದವಾಗಿತ್ತು. ಇನ್ನು ಅವರ ಸುದ್ದಿ ಬೇಡ. ಸ್ವಲ್ಪ ಕಾಲ ನಾನು ನಿಮಗೂ ಬರೆಯುವುದಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಅಕ್ಷರ ಕಂಡರೆ ಕ್ಯಾಸೆಟ್ಟಿನ ಮೇಲಿನ ಆ ಚೀಟಿ ನೆನಪಾಗುತ್ತದೆ, ಅಷ್ಟೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಮಗಳು


೧೮ ಏಪ್ರಿಲ್

ಮಾವನವರಿಗೆ,

ನಿನ್ನೆ ಸಂಜೆ ಊರಿಂದ ಬಂದೆ. ಮುಖ ತೊಳೆದು, ನಿಮಗೆ ಕಳಿಸಬೇಕಾದ ಸಾವೇರಿಯ ಪ್ರತಿಯನ್ನು ಪರೀಕ್ಷಿಸಲು ಹಾಕಿದೆ. ಪ್ರತಿ ಚೆನ್ನಾಗಿ ಬಂದಿತ್ತು. ಮುಗಿಯಿತು. ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸಿಬಿಡುತ್ತೇನೆ, ಅವತ್ತು ಮೂರನೆಯದನ್ನು ಕೇಳಿದಾಗಲೂ ಹಾಡು ಮುಗಿದ ಕೂಡಲೇ ನಿಲ್ಲಿಸಿದ್ದೆ. ಆಗ ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು, ಎದ್ದು ಹೋದೆ. ಟೇಪ್ ಓಡುತ್ತಲೇ ಇತ್ತು.

ಮೂರನೆಯ ಹಾಡು ಮೊದಲನೆಯದಕ್ಕಿಂತ ಸ್ವಲ್ಪ ಉದ್ದವಿತ್ತು. ಅದರ ಕೊನೆಯ ಸಾಲು ಅಳಿಯದೆ ಉಳಿದಿತ್ತು. ಅಡಿಗೆಮನೆಯಲ್ಲಿ ಬಟ್ಟೆಯಿಂದ ಪಾತ್ರೆ ಹಿಡಿದುಕೊಂಡು ನಿಂತು ಆ ಸಾಲು ಕೇಳಿದೆ. ಆಗಲೂ ನನಗೆ ಗೊತ್ತಾಗಲಿಲ್ಲ ಮಾವ. ನಿಮ್ಮ ಎದುರು ಸುಳ್ಳು ಹೇಳಲಾರೆ. ದನಿ ಕೊನೆಗೊಮ್ಮೆ ಬಿಚ್ಚಿಕೊಂಡಿತಲ್ಲ ಎಂದಷ್ಟೇ ಅಂದುಕೊಂಡೆ.

ಹಾಡು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲು ತಳ್ಳಿದ ಸದ್ದು. ವಯಸ್ಸಾದ ಹೆಂಗಸೊಬ್ಬರು ಕೇಳುತ್ತಾರೆ: "ಮುಗೀತಾ ಮಗಾ? ಫ್ರಿಜ್ ಹಾಕ್ಲಾ ಈಗ?"

"ಹಾಕಿ ಅಜ್ಜಿ, ತುಂಬಾ ತೊಂದ್ರೆ ಕೊಟ್ಟೆ ನಿಮ್ಗೆ," ಅಂದಳು. "ಅವರಿಗೆ ಆ ಸದ್ದು ಆಗಲ್ಲ, ಅದಕ್ಕೇ ತೆಗ್ದಿದ್ದೆ."

ಪ್ಲಗ್ ಸಿಕ್ಕಿಸಿದ ಸದ್ದು. ಫ್ರಿಜ್ ಗುಂಯ್ ಎನ್ನಲು ಶುರುಮಾಡಿತು. ಅಲ್ಲಿಗೆ ಟೇಪ್ ಮುಗಿಯಿತು.

ಅವಳು ಮಾತಾಡಿದ ಕೂಡಲೇ ಗೊತ್ತಾಯಿತು. "ಹಾಕಿ" ಅಂದಾಗಲೇ ಗೊತ್ತಾಯಿತು. ಇದು ಏನು, ನೀವು ಯಾಕೆ ಎರಡು ಸಲ ಪೂರ್ತಿ ಕೇಳಿ ಎಂದಿರಿ, ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಅದು ಪರೀಕ್ಷೆಯಾಗಿದ್ದರೆ ನಾನು ಬರೆದದ್ದನ್ನು ಅವಳಿಗೆ ತೋರಿಸಬೇಡಿ. ಕೈಮುಗಿದು ಕೇಳುತ್ತೇನೆ, ತೋರಿಸಬೇಡಿ. ಗುರುತು ಹಿಡಿದೆನೆಂದು ಹೇಳಿ. ತಡವಾಗಿ ಹಿಡಿದೆನೆಂದು ಹೇಳಿ. ಅಷ್ಟು ಹೊತ್ತು ಹಾಡಿದ್ದರಲ್ಲಿ ಒಂದು ಸಾಲು ಬಿಟ್ಟು ಉಳಿದದ್ದೆಲ್ಲವನ್ನೂ ನನ್ನ ಕೈಯಾರೆ ಅಳಿಸಿದ್ದೇನೆ.

ಕಂಬಳಿಗಳನ್ನು ಕಿತ್ತುಹಾಕಿದ್ದೇನೆ. ಬೀದಿಯಲ್ಲಿ ಏನೇನೋ ಸದ್ದು. ಯಾವುದೂ ಅವಳದ್ದಲ್ಲ.

ನಿಮ್ಮ ಅಳಿಯ


೩೦ ಮೇ

ಅಳಿಯಂದಿರೇ,

ನಿಮ್ಮ ಕಾಗದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳು ಹಟ ಮಾಡಿ ಕೇಳಿದಳೆಂದು ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ಇದ್ದ ಹಾಗೇ ಕಳಿಸಿಬಿಟ್ಟಿದ್ದೆ. ತಿದ್ದಬಹುದಿತ್ತು. ಜೀವನವಿಡೀ ತಿದ್ದಿದವನು ಆವತ್ತು ತಿದ್ದಲಿಲ್ಲ.

ಆದರೂ ಮಾತು ಮುರಿದು ನಿಮ್ಮ ಕೊನೆಯ ಕಾಗದವನ್ನು ನನ್ನ ಅಕ್ಷರದಲ್ಲಿ ನಕಲು ಮಾಡಿ ಕಳಿಸಿದೆ. ಅದು ಒಡೆಯದೇ ವಾಪಸು ಬಂತು. ನಿಮಗೆ ಬರುತ್ತಿದ್ದ ಹಾಗೆ ಈಗ ನನಗೂ ಬರುತ್ತಿದೆ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ "ಅವ್ರು ಕೆಲ್ಸ ಬಿಟ್ರು" ಅಂದರು. ಮಂಡಿ ಹಿಡಿದುಕೊಂಡು ಬಸ್ ಹತ್ತಿ ಅವಳ ಬಾಡಿಗೆ ಕೋಣೆಗೆ ಹೋದೆ. ನೀವು ಹೇಳಿದಂತೆಯೇ ಇದೆ, ಹತ್ತು ಅಡಿಗೆ ಹತ್ತು ಅಡಿ, ಕಲ್ಲಿನ ನೆಲ. ಗೋಡೆಗೆ ಹೊಡೆದ ಮೊಳೆಗಳು ಹಾಗೇ ಇವೆ. ಎಲ್ಲಿಗೆ ಹೋದಳೆಂದು ಮನೆಯ ಅಜ್ಜಿಗೂ ತಿಳಿಯದು.

"ಒಳ್ಳೇ ಹುಡುಗಿ," ಅಂದರು ಅಜ್ಜಿ. "ಒಂದ್ ವಾರ ನಮ್ಮ ಫ್ರಿಜ್ ಆರಿಸಿ ಆರಿಸಿ ಹಾಡಿದ್ಲು. ಸರಿಬರ್ಲಿಲ್ಲ ಅಂತ ಮತ್ತೆ ಹಾಡೋದು. ನಮ್ಮನೆ ಹಾಲೆಲ್ಲ ಒಡೀತು ನೋಡಿ. ಪಾಪ, ಬೇರೆ ತಂದ್ಕೊಟ್ಲು."

ಕಿಟಕಿಯ ಕಟ್ಟೆಯ ಮೇಲೆ ಮೈಕ್ ಇತ್ತು. ವಯರನ್ನು ಅಂದವಾಗಿ ಸುತ್ತಿಟ್ಟಿದ್ದಳು. ಮರೆತು ಬಿಟ್ಟದ್ದಲ್ಲ. ಅಜ್ಜಿ ನನ್ನ ಕೈಗೆ ಕೊಟ್ಟರು, ತಂದಿಟ್ಟುಕೊಂಡಿದ್ದೇನೆ. ಅವಳು ಇನ್ನು ಹಾಡುವುದಿಲ್ಲವೆಂದು ಅದನ್ನು ನೋಡಿದಾಗ ನನಗೆ ಅನ್ನಿಸಿತು.

ನಮ್ಮ ಸಂಗ್ರಹ ಇಲ್ಲಿಗೆ ಸಾಕು. ನನ್ನ ಕಪಾಟಿನಲ್ಲಿರುವುದನ್ನೆಲ್ಲ ಕೇಳುವ ಯಾರಿಗಾದರೂ ಕೊಟ್ಟುಬಿಡುತ್ತೇನೆ. ಮೂವತ್ತು ವರ್ಷ ಆರಿಸಿ ಆರಿಸಿ ಕೂಡಿಸಿದ್ದು, ಒಂದಕ್ಕಿಂತ ಒಂದು ಚೆನ್ನಾಗಿದೆ. ಈಗ ಹಾಕಿದರೆ ಕೇಳಲಾಗುವುದಿಲ್ಲ.

ಕೊನೆಯದಾಗಿ ಒಂದು ಕೇಳುತ್ತೇನೆ. ಆಣೆ ಹಾಕಿದ್ದಳೆಂದು ನಾನು ಆ ಕ್ಯಾಸೆಟ್ಟನ್ನು ಕೇಳಲೇ ಇಲ್ಲ. ಹುಡುಗಿಯಾಗಿದ್ದಾಗ ಅವಳು ಹಾಡಿದ್ದು ಯಾವುದೂ ನನ್ನ ಹತ್ತಿರ ಇಲ್ಲ. ಇನ್ನೂ ಪಕ್ವವಾಗಲಿ, ಒಳ್ಳೆಯ ಮೈಕ್ ಸಿಗಲಿ ಎಂದು ಕಾಯುತ್ತಿದ್ದೆ. ನಿಮ್ಮಲ್ಲಿ ಉಳಿದಿರುವ ಆ ಒಂದು ಸಾಲನ್ನು, ಅಜ್ಜಿಯ ಮಾತನ್ನು, ಅವಳ ಮಾತನ್ನು, ಕೊನೆಯ ಫ್ರಿಜ್ಜಿನ ಸದ್ದನ್ನೂ ಬಿಡದೆ ಒಂದು ಪ್ರತಿ ಮಾಡಿ ಕಳಿಸಿ. ಸೌಂಡ್ ಹೇಗಿದ್ದರೂ ಪರವಾಗಿಲ್ಲ.

ಇಂತಿ,
ಅವಳ ಅಪ್ಪ